ಉಳಿಸಿಕೊಂಡ ಮಾತು

ಆ ಊರಿನಲ್ಲಿ ಯಾರೂ ತಮ್ಮ ವ್ಯಾಜ್ಯವನ್ನು ತಾವೇ ಹೇಳಿಕೊಳ್ಳುವಂತಿರಲಿಲ್ಲ. ಗುಡ್ಡದ ಮೇಲಿನ ನ್ಯಾಯದ ಚಾವಡಿಯಲ್ಲಿ ವಕೀಲನ ಬಾಯಿಂದ ಬಂದದ್ದಷ್ಟೇ ಮಾತು, ಮಿಕ್ಕವರ ಬಾಯಿಂದ ಬಂದದ್ದು ಬರೀ ಗಾಳಿ. ಆದ್ದರಿಂದ ವ್ಯಾಜ್ಯವಿದ್ದವರು ಮೊದಲು ವಕೀಲನ ಮನೆಗೆ ಹೋಗಿ ಮಾತು ಕೊಡಬೇಕಿತ್ತು. ಬೇರೆ ಊರುಗಳಲ್ಲೂ ಜನ ಮಾತು ಕೊಡುತ್ತಾರೆ: ನಾಳೆ ಬರುತ್ತೇನೆಂದು, ಮದುವೆಯಾಗುತ್ತೇನೆಂದು. ಕೊಟ್ಟ ಮೇಲೂ ಅವರ ಬಾಯಲ್ಲಿ ಮಾತು ಇದ್ದೇ ಇರುತ್ತದೆ, ಮರುದಿನ ಅದನ್ನೇ ಇನ್ನೊಬ್ಬರಿಗೂ ಕೊಡುತ್ತಾರೆ. ಆ ಊರಿನಲ್ಲಿ ಅಂಥ ಸುಖವಿರಲಿಲ್ಲ. ಕೊಟ್ಟರೆ ಕೊಟ್ಟ ಹಾಗೆಯೇ.

ಕೊಡುವವರು ಮಂಡಿಯೂರಿ ಕೂರುತ್ತಿದ್ದರು. ವಕೀಲ ಬೊಗಸೆ ಒಡ್ಡುತ್ತಿದ್ದ. ಆ ಬೊಗಸೆಗೆ ತುಟಿ ತಾಗಿಸಿ ತಮ್ಮ ಹೆಸರನ್ನು ಒಮ್ಮೆ ಹೇಳಬೇಕು. ವಕೀಲ ಬೊಗಸೆ ಎತ್ತಿ ಗಟಗಟ ಕುಡಿಯುತ್ತಿದ್ದ. ಅಲ್ಲಿಗೆ ಅವರು ಮೂಗರು, ಅವರ ದನಿ ವಕೀಲನ ಗಂಟಲಲ್ಲಿ. ವ್ಯಾಜ್ಯ ಮುಗಿದ ಸಂಜೆ ವಕೀಲ ಅವರ ಬೊಗಸೆಗೆ ಬಾಯಿಟ್ಟು ಅವರ ಹೆಸರನ್ನು ಉಸುರಬೇಕು, ಅವರು ಕುಡಿಯಬೇಕು. ಕುಡಿದವರು ಮೊದಲು ಕೆಮ್ಮುತ್ತಿದ್ದರು, ಆಮೇಲೆ ಹಾದಿಯುದ್ದಕ್ಕೂ ಮನೆಯವರನ್ನು ಕೂಗಿಕೊಂಡು ಗುಡ್ಡ ಇಳಿಯುತ್ತಿದ್ದರು. ಆ ಕೂಗು ಕೇಳಿದರೆ ಊರಿನವರು ಒಲೆಗೆ ಇನ್ನೊಂದು ಹಿಡಿ ಅಕ್ಕಿ ಹಾಕುತ್ತಿದ್ದರು.

ಉಪ್ಪು ಮಾರುವ ಹೆಂಗಸಿಗೂ ಒಂದು ಹೆಸರಿತ್ತು. ಅದನ್ನು ವಕೀಲನ ಬೊಗಸೆಗೆ ಹಾಕಿದ ಮೇಲೆ ಊರಿಗೆ ಮರೆತುಹೋಯಿತು, ಉಪ್ಪಿನವಳು ಎಂದೇ ಉಳಿಯಿತು. ಅದಕ್ಕೆ ಮುಂಚೆ ಅವಳು ತಲೆಯ ಮೇಲೆ ಬುಟ್ಟಿ, ಬೆನ್ನಿಗೆ ಮಗಳನ್ನು ಕಟ್ಟಿಕೊಂಡು ಬೀದಿಬೀದಿ ಸುತ್ತುತ್ತಿದ್ದಳು. "ಉಪ್ಪೂ... ಉಪ್ಪಮ್ಮೋ ಉಪ್ಪೂ" ಎಂದರೆ ಎಷ್ಟೋ ಬೀದಿಯಾಚೆ ಹೆಂಗಸರು ಮಡಕೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಆ ದನಿಯೇ ಹಾಗಿತ್ತು, ಸ್ವಲ್ಪ ಒಡಕು, ಸ್ವಲ್ಪ ನಗು.

ಅವಳ ಗಂಡ ಸತ್ತ ಮೇಲೆ ಅತ್ತೆ ಬಂದು, "ಮಗು ನಮ್ಮ ಮನೇದು, ಕೊಟ್ಬುಡು" ಎಂದಳು. ಉಪ್ಪಿನವಳು, "ಪ್ರಾಣ ಬೇಕಾದ್ರೆ ತಗೊಳ್ಳಿ, ಕೂಸು ಕೊಡಾಕಿಲ್ಲ" ಎಂದಳು. ವ್ಯಾಜ್ಯ ಗುಡ್ಡ ಹತ್ತಿತು. ಉಪ್ಪಿನವಳು ಊರಿನಲ್ಲೇ ಹೆಸರಾದ ವಕೀಲನ ಎದುರು ಮಂಡಿಯೂರಿದಳು. ಅವನು ಕುಡಿದು, ತುಟಿ ಒರೆಸಿಕೊಂಡು, "ನಿಶ್ಚಿಂತೆಯಿಂದ ಹೋಗವ್ವ. ಕೊಟ್ಟ ಮಾತು ನನ್ನ ಹತ್ರ ಭದ್ರ" ಎಂದ. ಅವಳು ಎರಡೂ ಕೈ ಎತ್ತಿ ಮುಗಿದಳು.

ಚಾವಡಿಯ ಯಜಮಾನ ವಿಚಾರಣೆ ಮುಗಿಯುವ ತನಕ ಕಣ್ಣು ತೆರೆಯುತ್ತಿರಲಿಲ್ಲ. ಯಾರ ಮುಖವೂ ತನ್ನನ್ನು ಮರುಳು ಮಾಡಬಾರದು ಎಂಬುದು ಅವನ ವ್ರತ, ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಕಣ್ಣು ಮುಚ್ಚಿಕೊಂಡೇ, "ಮಗುವಿನ ತಾಯಿ ಏನು ಹೇಳುತ್ತಾಳೆ?" ಎಂದು ಕೇಳಿದ. ವಕೀಲ ಬಾಯಿ ತೆರೆದ. ಉಪ್ಪಿನವಳ ದನಿ ಹೊರಗೆ ಬಂತು, ಅದೇ ಒಡಕು, ಅದೇ ನಗು.

"ಮಗು ನಂಗೆ ಬ್ಯಾಡಿ. ಅವ್ರ ಮನೇಲೇ ಇರ್ಲಿ."

ಉಪ್ಪಿನವಳು ತುರುಬು ಬಿಚ್ಚಿಹೋಗುವ ಹಾಗೆ ತಲೆಯಾಡಿಸಿದಳು. ಎದೆ ಬಡಿದುಕೊಂಡಳು. ಯಜಮಾನನ ಕಣ್ಣು ಮುಚ್ಚೇ ಇತ್ತು. ಅತ್ತೆ ಬಂದು ಅವಳ ಬೆನ್ನಿನಿಂದ ಮಗುವನ್ನು ಬಿಚ್ಚಿಕೊಂಡು ಹೋದಳು. ಹಿಂದಿನ ದಿನ ವಕೀಲ ಆ ಅತ್ತೆಯ ಮನೆಯಲ್ಲಿ ಹೋಳಿಗೆ ಊಟ ಮಾಡಿದ್ದು ಇಡೀ ಊರಿಗೆ ಗೊತ್ತಿತ್ತು, ಹೋಳಿಗೆಗೆ ತುಪ್ಪ ಎಷ್ಟು ಬಿದ್ದಿತ್ತು ಎಂಬುದೂ ಗೊತ್ತಿತ್ತು.

ಸಂಜೆ ಉಪ್ಪಿನವಳು ವಕೀಲನ ಜಗಲಿಯ ಮುಂದೆ ನಿಂತು ಬೊಗಸೆ ಒಡ್ಡಿದಳು. ಅವನು, "ನಾಳೆ ಬಾರವ್ವ" ಎಂದ. ಮರುದಿನ ಬೊಗಸೆ ಒಡ್ಡಿದಳು. "ಇವತ್ತು ಗಂಟಲು ಸರಿಯಿಲ್ಲ, ನಾಳೆ ಬಾ" ಎಂದ. ಅದರ ಮರುದಿನವೂ ನಾಳೆಯೇ. ಅವಳಿಗೆ ಆ ದನಿ ಉಪ್ಪು ಮಾರುವುದಕ್ಕೆ ಮಾತ್ರ ಬೇಕಾಗಿರಲಿಲ್ಲ. ಚಾವಡಿಯಲ್ಲಿ ಒಂದು ದನಿ ಆಡಿದ್ದನ್ನು ಅದೇ ದನಿ ಅಲ್ಲಗಳೆಯಬೇಕು, ಬೇರೆ ದಾರಿಯೇ ಇರಲಿಲ್ಲ. ದನಿ ಬಂದರೆ ಗುಡ್ಡ ಹತ್ತಿ ಒಂದೇ ಒಂದು ಮಾತು, ಬೇಕು ಎಂದು ಹೇಳಿದರೆ, ಮಗಳು ಮರಳಿ ಬೆನ್ನಿಗೆ ಬರುತ್ತಿದ್ದಳು. ದನಿ ಬಾರದಿದ್ದರೆ ಮಗಳಿಲ್ಲ.

ವಕೀಲನ ತಪ್ಪನ್ನು ವಿಚಾರಿಸಲು ಆ ಊರಿನಲ್ಲಿ ಬೇರೆಯೇ ಜಾಗವಿತ್ತು. ಚಾವಡಿಯ ಹಿಂದೆ ಒಂದು ಕಲ್ಲಿನ ಜಗಲಿ, ತಪ್ಪುಕಟ್ಟೆ ಎಂದು ಅದರ ಹೆಸರು. ಅಲ್ಲಿ ಕೂರುವವರೂ ವಕೀಲರೇ. ವಕೀಲನ ತಪ್ಪು ವಕೀಲರಿಗಲ್ಲದೆ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ ಎಂದು ಹಿಂದೆ ಯಾರೋ ತೀರ್ಮಾನಿಸಿದ್ದರು. ಆ ಯಾರೋ ಕೂಡ ವಕೀಲರೇ ಆಗಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ದೂರು ಕೊಡುವವರಿಗೆ ಹೇಗೂ ಬಾಯಿ ಇರುವುದಿಲ್ಲವಲ್ಲ, ಅವರು ಕಟ್ಟೆಯ ಮುಂದೆ ಬರಿ ಬೊಗಸೆ ಒಡ್ಡಿಕೊಂಡು ನಿಲ್ಲಬೇಕು. ನನ್ನ ಮಾತು ನನಗೆ ಬಂದಿಲ್ಲ ಎಂದು ಅದರರ್ಥ.

ಉಪ್ಪಿನವಳು ನಿಂತಳು. ಬಿಸಿಲಿನಲ್ಲಿ ನಿಂತಳು, ಬೊಗಸೆ ಬರಿದಾಗಿತ್ತು. ಮಳೆಯಲ್ಲಿ ನಿಂತಳು, ಬೊಗಸೆ ತುಂಬಿ ಚೆಲ್ಲಿತು, ಮತ್ತೆ ಬರಿದಾಯಿತು. ಹಾದಿಹೋಕಳೊಬ್ಬಳು ಭಿಕ್ಷುಕಿಯೆಂದು ತಿಳಿದು ಒಂದು ಹಿಡಿ ಪುರಿ ಹಾಕಿ ಹೋದಳು. ಬೊಗಸೆಯಲ್ಲಿ ಪುರಿ ಇದ್ದ ಕಾರಣ ಆ ದಿನ ಅವಳ ದೂರು ಲೆಕ್ಕಕ್ಕೆ ಬರಲಿಲ್ಲ. ಕಟ್ಟೆಯ ಹಿರಿಯರು ಬರುವಾಗ ಆಕಾಶ ನೋಡಿಕೊಂಡು ಬರುತ್ತಿದ್ದರು, ಹೋಗುವಾಗ ನೆಲ ನೋಡಿಕೊಂಡು ಹೋಗುತ್ತಿದ್ದರು. ಒಂದು ದಿನ ಅವರಲ್ಲೊಬ್ಬ ಅವಳಿಗೆ ಡಿಕ್ಕಿ ಹೊಡೆದು ಬಿದ್ದ. ಇನ್ನು ಇವಳು ಇಲ್ಲಿ ನಿಲ್ಲುವುದು ಅಪಾಯ ಎಂದು ಎಲ್ಲರಿಗೂ ಅನ್ನಿಸಿತು, ವಿಚಾರಣೆಗೆ ದಿನ ಗೊತ್ತಾಯಿತು.

ಕಟ್ಟೆಯ ಮೇಲೆ ಮೂವರು ಕೂತರು. ನಡುವೆ ಹಿರಿಯ ವಕೀಲ. ಬಲಕ್ಕೆ ಕೋಲಿನ ವಕೀಲ, ಸದಾ ಕೋಲು ಕುಟ್ಟಿ ಮಾತಾಡುವವನು. ಎಡಕ್ಕೆ ಎಲೆಯಡಿಕೆಯ ವಕೀಲ, ಬಾಯಿ ತುಂಬ ರಸವಿರುವುದರಿಂದ ತಲೆ ಹಿಂದಕ್ಕೆ ಹಾಕಿ ಮಾತಾಡುವವನು. ದೀಪ ಹಚ್ಚಿದರು. ದೀಪದ ಪಕ್ಕ ಒಂದು ತುಂಡು ಅರಗು ಇಟ್ಟರು.

ಕಟ್ಟೆಯಲ್ಲಿ ಮೂರೇ ಶಿಕ್ಷೆ. ಮೊದಲನೆಯದು ಗದರಿಕೆ. ಎರಡನೆಯದು ಕಟ್ಟು, ಒಂದು ಮಳೆಗಾಲ ಪೂರ್ತಿ ತಪ್ಪಿತಸ್ಥನ ಗಂಟಲಿಗೆ ಒದ್ದೆಬಟ್ಟೆ ಬಿಗಿಯುವುದು. ಮೂರನೆಯದು ಅರಗು. ಅರಗು ಕರಗಿಸಿ ತುಟಿಗಳ ಮೇಲೆ ಹೊಯ್ದರೆ ಆ ವಕೀಲ ಇನ್ನೆಂದೂ ವಕೀಲನಲ್ಲ. ಆ ತುಂಡು ಮುತ್ತಾತಂದಿರ ಕಾಲದ್ದು. ಪ್ರತಿ ವಿಚಾರಣೆಯಲ್ಲೂ ದೀಪದ ಹತ್ತಿರ ಇಟ್ಟು, ವಿಚಾರಣೆ ಮುಗಿದ ಮೇಲೆ ತೆಗೆದು ಒಳಗಿಟ್ಟು, ಅದರ ಒಂದು ಮೂಲೆ ಮಾತ್ರ ಚೂರು ಮೆತ್ತಗಾಗಿತ್ತು.

ಜನ ನೆರೆದಿದ್ದರು. ಅತ್ತೆಯೂ ಬಂದಿದ್ದಳು, ಕಟ್ಟೆಯ ತೀರ್ಮಾನದಿಂದ ತನಗೇನಾದರೂ ತೊಡಕಾದೀತೆಂದು. ಅವಳ ತೊಡೆಯ ಮೇಲೆ ಮಗು ನಿದ್ದೆ ಮಾಡುತ್ತಿತ್ತು. ಉಪ್ಪಿನವಳು ಅದನ್ನು ಕಂಡಳು. ಕೂದಲು ಬೆಳೆದಿತ್ತು, ಕಾಲು ಉದ್ದವಾಗಿತ್ತು. ಅವಳಿಗೆ ಓಡಿಹೋಗಿ ಎತ್ತಿಕೊಳ್ಳಬೇಕೆನಿಸಿತು. ಆದರೆ ಬೊಗಸೆ ಇಳಿಸಿದರೆ ದೂರು ಬಿದ್ದುಹೋಗುತ್ತದೆ. ಅವಳು ಬೊಗಸೆ ಇಳಿಸಲಿಲ್ಲ.

"ಏನಪ್ಪಾ," ಎಂದ ಹಿರಿಯ ವಕೀಲ, "ಇವಳ ಮಾತು ಯಾಕೆ ಉಳಿಸಿಕೊಂಡೆ?"

ಮೆಟ್ಟಿಲ ಮೇಲೆ ಕೂತಿದ್ದ ಹೆಸರಾದ ವಕೀಲ ಎದ್ದು ನಿಂತು ಮೂವರಿಗೂ ಬೇರೆಬೇರೆ ನಮಸ್ಕಾರ ಮಾಡಿದ. "ಗುರುಗಳೇ, ವಕೀಲನಾಗುವ ದಿನ ಈ ಕಟ್ಟೆ ಮುಟ್ಟಿ ಆಣೆ ಮಾಡಿದ್ದೆ. ಆಣೆಯ ಮಾತು ತಮಗೂ ನೆನಪಿದೆ. 'ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆ.' ಇವಳು ಕೊಟ್ಟಳು. ನಾನು ಉಳಿಸಿಕೊಂಡೆ. ಇದರಲ್ಲಿ ತಪ್ಪು ಎಲ್ಲಿ ಬಂತು?"

ಕಟ್ಟೆಯ ಕೆಳಗೆ ಕೂತಿದ್ದ ವಕೀಲರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲೆಯಡಿಕೆಯ ವಕೀಲ ತಲೆ ಹಿಂದಕ್ಕೆ ಹಾಕಿ, "ಪಾಯಿಂಟ್ ಇದೆ" ಎಂದ. ಎಷ್ಟೋ ಹೊತ್ತು ಅವರು ಆ ಪಾಯಿಂಟನ್ನೇ ಮೆಚ್ಚಿಕೊಳ್ಳುತ್ತಾ ಕೂತರು. ಉಪ್ಪಿನವಳು ಬೊಗಸೆ ಒಡ್ಡಿಕೊಂಡೇ ನಿಂತಿದ್ದಳು.

"ಪಾಯಿಂಟ್ ಮನೆಹಾಳಾಗ!" ಕೋಲಿನ ವಕೀಲ ಕೋಲು ಕುಟ್ಟಿದ. "ಆ ತಾಯಿ ಬೇಕು ಅಂದದ್ದನ್ನ ಇವನು ಬೇಡ ಅಂದಿದಾನೆ. ಅರಗು ಹಾಕಿ. ಒಂದೇ ಒಂದ್ಸಲ ಹಾಕಿದ್ರೆ ಮಿಕ್ಕವರ ಗಂಟಲೆಲ್ಲ ತಾನಾಗೇ ನೆಟ್ಟಗಾಗುತ್ತೆ."

ಉಪ್ಪಿನವಳು ಅವನ ಕಡೆ ತಿರುಗಿ ನೋಡಿದಳು. ಇಷ್ಟು ಕಾಲದಲ್ಲಿ ಅವಳ ಮನಸ್ಸಿನಲ್ಲಿದ್ದುದನ್ನು ಒಬ್ಬರು ಹೇಳಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು.

"ಹಾಕಿ ಸ್ವಾಮಿ, ಹಾಕಿ," ಎಂದ ಎಲೆಯಡಿಕೆಯ ವಕೀಲ. "ಅರಗು ಬಿದ್ದ ಗಂಟಲಲ್ಲಿ ಒಳಗಿದ್ದದ್ದೆಲ್ಲ ಸಾಯುತ್ತೆ. ಇವನ ಗಂಟಲಲ್ಲಿ ಇರೋದು ಇವಳೊಬ್ಬಳ ಮಾತೇ? ಅರ್ಧ ಊರಿನ ಮಾತಿದೆ. ಅಷ್ಟು ಜನರನ್ನೂ ಸಾಯೋತನಕ ಮೂಗರನ್ನಾಗಿ ಮಾಡೋ ಶಿಕ್ಷೆ ಯಾರಿಗಪ್ಪಾ ಅದು?"

ಆಗ ಉಪ್ಪಿನವಳಿಗೆ ವಿಷಯ ಹೊಳೆಯಿತು. ಇವನು ಇಷ್ಟೊಂದು ಜನರ ಮಾತನ್ನು ಯಾಕೆ ಉಳಿಸಿಕೊಂಡಿದ್ದಾನೆ, ನಾಳೆ ನಾಳೆ ಎಂದು ಯಾಕೆ ಓಡಿಸುತ್ತಾನೆ ಎಂದು. ಒಬ್ಬರ ಮಾತು ನುಂಗಿದವನನ್ನು ಶಿಕ್ಷಿಸಬಹುದಿತ್ತು. ಅರ್ಧ ಊರನ್ನೇ ನುಂಗಿದವನನ್ನು ಮುಟ್ಟುವಂತಿರಲಿಲ್ಲ. ಒಳಗಿರುವ ಪ್ರತಿಯೊಂದು ದನಿಯೂ ಅವನ ಗಂಟಲಿಗೆ ಕಾವಲು. ಅವಳದೂ ಕಾವಲಾಗಿತ್ತು.

ಹಿರಿಯ ವಕೀಲ ಅವನ ಮೂಗರನ್ನೆಲ್ಲ ಕರೆಸಿದ. ಗುಡ್ಡದ ಕೆಳಗಿಂದ ಅವರು ಸಾಲಾಗಿ ಬಂದರು. ಕಂಬಳಿ ನೇಯುವವನು ಬಂದ, ದೋಣಿ ನಡೆಸುವವನು ಬಂದ, ಒಂದು ಕಾಲದಲ್ಲಿ ಊರಿಗೆಲ್ಲ ಸೋಬಾನೆ ಹಾಡಿಕೊಡುತ್ತಿದ್ದ ಮುದುಕಿ ಬಂದಳು. ಬಂದವರೆಲ್ಲ ದೀಪ ನೋಡಿದರು, ದೀಪದ ಪಕ್ಕದ ಅರಗು ನೋಡಿದರು, ಒಬ್ಬೊಬ್ಬರಾಗಿ ಕಟ್ಟೆಗೆ ಅಡ್ಡಬಿದ್ದು ಬೇಡ ಬೇಡ ಎಂದು ಕೈಯಾಡಿಸಿದರು. ಅವನು ನಾಳೆ ಕೊಡುತ್ತಾನೆ ಎಂಬ ಆಸೆ ಅವರಿಗೆ ಇನ್ನೂ ಇತ್ತು. ಸೋಬಾನೆಯ ಮುದುಕಿ ಉಪ್ಪಿನವಳ ಕಾಲು ಹಿಡಿದುಕೊಂಡಳು. ಅವಳನ್ನು ಒದೆಯುವುದು ಹೇಗೆ, ಅವಳಿಗೆ ಸಮಾಧಾನ ಹೇಳುವುದಾದರೂ ಹೇಗೆ? ಉಪ್ಪಿನವಳು ಹಾಗೇ ನಿಂತಳು.

"ಹಾಗಾದ್ರೆ ಕಟ್ಟು ಬಿಗಿಯೋಣ," ಎಂದ ಕೋಲಿನ ವಕೀಲ. ಕೋಲು ಈ ಸಲ ಅಷ್ಟು ಜೋರಾಗಿ ಕುಟ್ಟಲಿಲ್ಲ.

"ಮಳೆಗಾಲ ಪೂರ್ತಿ ಇವನು ಬಾಯಿ ಮುಚ್ಚಿದ್ರೆ ಇವರ ವ್ಯಾಜ್ಯಗಳನ್ನ ಯಾರು ಆಡ್ತಾರೆ? ಎಲ್ಲರೂ ಸೋತು ಹೋಗ್ತಾರೆ," ಎಂದ ಎಲೆಯಡಿಕೆಯ ವಕೀಲ.

"ಹಾಗಾದ್ರೆ ಗದರಿಕೆ."

"ಗದರಿಕೆ ತೀರ ಕಡಿಮೆ ಆಯ್ತಲ್ಲ," ಎಂದ ಹಿರಿಯ ವಕೀಲ. ಅವನು ಕೆಟ್ಟವನಲ್ಲ, ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

"ಜೋರಾಗಿ ಗದರಿದ್ರೆ?" ಎಂದ ಕೋಲಿನ ವಕೀಲ.

ಅದೂ ಒಂದು ಯೋಚನೆಯೇ ಎಂದು ಮೂವರೂ ಸ್ವಲ್ಪ ಹೊತ್ತು ಯೋಚಿಸಿದರು. ಕೊನೆಗೆ ಹಿರಿಯ ವಕೀಲ ತಪ್ಪಿತಸ್ಥನ ಕಡೆ ತಿರುಗಿ, "ಶಿಕ್ಷೆ ಆಮೇಲಾಯ್ತು. ಮೊದಲು ಅವಳ ಮಾತು ಅವಳಿಗೆ ಕೊಟ್ಟುಬಿಡಯ್ಯ. ಪೀಡೆ ಹೋಗುತ್ತೆ" ಎಂದ.

"ಅಡ್ಡಿಯೇನಿಲ್ಲ ಗುರುಗಳೇ, ಈಗಲೇ ಕೊಡ್ತೀನಿ," ಎಂದ ಅವನು. ಮೆಟ್ಟಿಲಿಳಿದು ಬಂದು ಅವಳ ಬೊಗಸೆಯ ಮೇಲೆ ಬಗ್ಗಿದ. ಅವನ ಉಸಿರು ಅವಳ ಅಂಗೈಗೆ ತಾಗಿತು. ಅವಳ ಮೈಯೆಲ್ಲ ಬಾಯಾಗಿ ಕಾಯಿತು. ಅವನು ತಲೆಯೆತ್ತಿ, "ಇವಳ ಹೆಸರೇನು?" ಎಂದ.

ಜನ ತಮ್ಮತಮ್ಮಲ್ಲೇ ಕೇಳಿಕೊಂಡರು.

"ಹೆಸರು ಹೇಳದೆ ಮಾತು ಇಳಿಯಲ್ಲವಲ್ಲ. ಇಷ್ಟು ಜನರಲ್ಲಿ ಯಾರ ಹೆಸರೂಂತ ನೆನಪಿಟ್ಟುಕೊಳ್ಳಲಿ? ಗೊತ್ತಿರೋರು ಹೇಳಿ, ಈ ಕ್ಷಣ ಕೊಡ್ತೀನಿ."

"ಉಪ್ಪಿನವಳು," ಎಂದರು ಜನ. ಅದು ಹೆಸರಲ್ಲ ಎಂದು ಅವರಿಗೂ ಗೊತ್ತಿತ್ತು. ಉಪ್ಪಿನವಳು ಬಾಯಿ ತೆರೆದು ತುಟಿಯಾಡಿಸಿದಳು. ಆ ತುಟಿಗಳನ್ನು ಒಬ್ಬೊಬ್ಬರು ಒಂದೊಂದು ಹೆಸರಾಗಿ ಓದಿದರು, ಒಂದೂ ಅವಳದಾಗಿರಲಿಲ್ಲ. ಅವಳು ಅತ್ತೆಯ ಕಡೆ ನೋಡಿದಳು. ಸೊಸೆಯಾಗಿ ಹೊಸಿಲು ದಾಟಿದ ದಿನ ಆ ಹೆಸರು ಹಿಡಿದು ಒಳಗೆ ಕರೆದವಳು ಅವಳೇ. ಅತ್ತೆ ಮಗುವಿನ ಕೂದಲು ಸರಿಮಾಡುತ್ತಾ ಕೂತಳು.

"ಮರೆವು ತಪ್ಪಲ್ಲ," ಎಂದ ಎಲೆಯಡಿಕೆಯ ವಕೀಲ.

ಹಿರಿಯ ವಕೀಲ ಕೈ ಚೆಲ್ಲಿದ. ದೀಪದ ಎಣ್ಣೆ ಮುಗಿಯುತ್ತಾ ಬಂದಿತ್ತು. "ನೋಡವ್ವ," ಎಂದ, "ನೊಂದವಳು ನೀನು. ಎಷ್ಟು ಶಿಕ್ಷೆ ಕೊಡಬೇಕು ಅಂತ ನೀನೇ ಹೇಳಿಬಿಡು. ಅರಗು ಅಂದರೆ ಅರಗು. ಯಾರು ಅಡ್ಡ ಬಂದರೂ ಕೇಳಲ್ಲ, ಈ ದೀಪದಾಣೆ."

ಉಪ್ಪಿನವಳು ಅರಗಿನ ಕಡೆ ನೋಡಿದಳು. ಅರಗು ಎಂದರೆ ಅವನಿಗೆ ತಕ್ಕ ಶಾಸ್ತಿ, ಆದರೆ ತನ್ನ ದನಿ ಸಾಯುತ್ತದೆ, ಮಗಳು ಎಂದೆಂದಿಗೂ ಅತ್ತೆಯವಳಾಗುತ್ತಾಳೆ, ಕಾಲು ಹಿಡಿದಿರುವ ಈ ಮುದುಕಿ ಇನ್ನೆಂದೂ ಹಾಡುವುದಿಲ್ಲ. ಗದರಿಕೆ ಎಂದರೆ ಅವನು ನಾಳೆಯೇ ಇನ್ನೊಬ್ಬಳ ಮಾತು ನುಂಗುತ್ತಾನೆ. ಆದರೂ ಕೇಳಿದರಲ್ಲ, ತನ್ನನ್ನು ಕೇಳಿದರಲ್ಲ! ಅವಳು ಬೊಗಸೆ ಬಿಡಿಸದೆ, ಗಲ್ಲ ಮುಂದಕ್ಕೆ ಚಾಚಿ, ದೀಪದ ಪಕ್ಕದ ಅರಗಿನ ಕಡೆ ತೋರಿಸಿದಳು.

"ಸನ್ನೆ ನಡೆಯಲ್ಲವ್ವ," ಎಂದ ಹಿರಿಯ ವಕೀಲ ಬಹಳ ಮೆತ್ತಗೆ. "ಸನ್ನೆಗೆ ಎರಡರ್ಥ ಇರುತ್ತೆ. ಬಾಯಿಬಿಟ್ಟು ಹೇಳಬೇಕು." ಆಮೇಲೆ ತಪ್ಪಿತಸ್ಥನಿಗೆ, "ಇವಳ ಮಾತು ನಿನ್ನ ಹತ್ತಿರ ಇದೆಯಲ್ಲ, ಸ್ವಲ್ಪ ಆಡಲು ಬಿಡು. ಅವಳೇ ಹೇಳಲಿ. ಸತ್ಯವಾಗಿ ಆಡಿಸು ಮತ್ತೆ" ಎಂದ.

"ಸತ್ಯವಾಗಿಯೇ," ಎಂದು ವಕೀಲ ಗಂಟಲು ಸರಿಮಾಡಿಕೊಂಡ.

ಎಷ್ಟೋ ಕಾಲದ ಮೇಲೆ ಉಪ್ಪಿನವಳು ತನ್ನ ದನಿ ಕೇಳಿದಳು. ಅವನು ಅದನ್ನು ಚೆನ್ನಾಗಿ ಸಾಕಿದ್ದ, ತುಪ್ಪ ಮೆಣಸು ತಿನ್ನಿಸಿ ಒಡಕನ್ನೆಲ್ಲ ನುಣುಪು ಮಾಡಿದ್ದ. ನಗು ಮಾತ್ರ ಹಾಗೇ ಇತ್ತು.

"ಹೋಗ್ಲಿ ಬುಡಿ ನನ್ನಪ್ಪಾ," ಎಂದಿತು ದನಿ. "ಅವ್ರೂ ಮನುಸ್ರೇ ಅಲ್ವಾ. ಒಂದ್ ಮಾತು ಗದರಿ ಬುಟ್ಬುಡಿ. ನಂಗೇನೂ ಬ್ಯಾಡಿ."

ಅತ್ತೆಯ ತೊಡೆಯ ಮೇಲಿದ್ದ ಮಗು ಕಣ್ಣು ಬಿಟ್ಟಿತು.

ಆ ಮಗು ಹುಟ್ಟಿದ್ದೇ ತಡ ಬೆನ್ನಿಗೆ ಬಿದ್ದದ್ದು. ತಾಯಿಯ ಮುಖ ಅದು ನೋಡಿದ್ದು ಕಡಿಮೆ, ನೋಡಿದ್ದೆಲ್ಲ ಅವಳ ತುರುಬು. ಅದಕ್ಕೆ ತಾಯಿ ಎಂದರೆ ಬೆನ್ನಿನ ಬಿಸಿ ಮತ್ತು ಆ ದನಿ. ಮಗು ಅತ್ತೆಯ ಕೈ ಕೊಸರಿಕೊಂಡು ಇಳಿಯಿತು, "ಅವ್ವಾ!" ಎಂದು ಊರೇ ಬೆಚ್ಚುವ ಹಾಗೆ ಕೂಗಿತು, ಜನರ ಕಾಲುಗಳ ನಡುವೆ ನುಗ್ಗಿ ಓಡಿಬಂತು. ಉಪ್ಪಿನವಳು ಬೊಗಸೆ ಬಿಚ್ಚಿ ತೋಳು ಚಾಚಿದಳು. ಮಗು ಅವಳ ಪಕ್ಕದಲ್ಲೇ ಹಾದು ಹೋಗಿ ವಕೀಲನ ಮಂಡಿಗಳನ್ನು ತಬ್ಬಿಕೊಂಡಿತು.

"ಅವ್ವಾ, ಎಲ್ಲೋಗಿದ್ದೆ?"

ವಕೀಲನಿಗೂ ಒಂದು ಕ್ಷಣ ಏನು ಮಾಡಬೇಕೆಂದು ತೋಚಲಿಲ್ಲ. ಆಮೇಲೆ ಬಗ್ಗಿ ಮಗುವನ್ನು ಎತ್ತಿಕೊಂಡ. "ಇಲ್ಲೇ ಇದ್ನಲ್ಲ ಕಂದಾ," ಎಂದಿತು ದನಿ.

ಜನರಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಎಲೆಯಡಿಕೆಯ ವಕೀಲ ಕವಳ ಉಗಿದು ಬಂದು, "ನೋಡಿ, ಕೂಸು ಕೂಡ ಹೆಂಗೆ ಹಚ್ಕೊಂಡಿದೆ. ಇಂಥವನಿಗೆ ಅರಗಾ?" ಎಂದ. ಕೋಲಿನ ವಕೀಲ ಕೋಲನ್ನು ಪಕ್ಕಕ್ಕಿಟ್ಟು, "ಅವಳೇ ಬೇಡ ಅಂದಮೇಲೆ ನಾವ್ಯಾರು?" ಎಂದ. ಹಿರಿಯ ವಕೀಲ ಅರಗನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ, ದೀಪ ಆರಿಸಿದ. ಆಮೇಲೆ ಎದ್ದು ನಿಂತು ಕಟ್ಟೆಯ ಪದ್ಧತಿಯಂತೆ ಗದರಿದ: "ಹಾಗೆಲ್ಲ ಮಾಡಬಾರದಪ್ಪ." ತಪ್ಪಿತಸ್ಥ ತಲೆ ತಗ್ಗಿಸಿ, "ಇನ್ನು ಮಾಡಲ್ಲ" ಎಂದ. ಶಿಕ್ಷೆ ಮುಗಿಯಿತು.

ಉಪ್ಪಿನವಳಿಗೆ ಇನ್ನು ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ಸೋಬಾನೆಯ ಮುದುಕಿಯಿಂದ ಕಾಲು ಬಿಡಿಸಿಕೊಂಡು, ನುಗ್ಗಿ ಬಂದು, ವಕೀಲನ ಹೆಗಲ ಮೇಲಿದ್ದ ಮಗಳ ತೋಳು ಹಿಡಿದಳು. ತನ್ನ ಕಡೆ ಎಳೆದಳು. ಬಾಯಿ ತೆರೆದಳು, ಇಷ್ಟಗಲ ತೆರೆದಳು, ಬರೀ ಉಸಿರು ಬಂತು. ಕೆದರಿದ ಕೂದಲಿನ, ಬಿಸಿಲಿಗೆ ಕರಟಿದ, ಸದ್ದಿಲ್ಲದೆ ಬಾಯಿ ಬಿಡುವ ಆ ಮುಖವನ್ನು ಮಗು ಇಷ್ಟು ಹತ್ತಿರದಿಂದ ಹಿಂದೆಂದೂ ನೋಡಿರಲಿಲ್ಲ. ಅದು ಕಿಟಾರನೆ ಕಿರುಚಿ ವಕೀಲನ ಕುತ್ತಿಗೆಗೆ ಜೋತುಬಿತ್ತು.

"ಅವ್ವಾ, ಯಾರೋ ಹಿಡ್ಕಂಡವ್ರೆ! ಭಯ ಆಯ್ತದೆ, ಅವ್ವಾ!"

"ಹೆದರ್ಬ್ಯಾಡ ಕಂದಾ, ನಾನಿವ್ನಿ," ಎಂದಿತು ಉಪ್ಪಿನವಳ ದನಿ.

ಮಗು ಬಿಕ್ಕುತ್ತಿತ್ತು. ಹಿಡಿದ ತೋಳು ಅವಳ ಬೆರಳುಗಳ ಒಳಗೆ ನಡುಗುತ್ತಿತ್ತು, ಇನ್ನೊಂದು ಚೂರು ಎಳೆದರೆ ನೋವಾಗುತ್ತಿತ್ತು. ಉಪ್ಪಿನವಳು ಒಂದೊಂದೇ ಬೆರಳು ಸಡಿಲಿಸಿದಳು.

"ನೋಡುದ್ರಾ ಎಲ್ಲಾರೂ, ತಾನಾಗೇ ಕೈಬುಟ್ಟಳು," ಎಂದಳು ಅತ್ತೆ. ಹಿರಿಯ ವಕೀಲ ಹೌದೆಂದು ತಲೆಯಾಡಿಸಿದ.